ಹಾಲಿಡೇ ಪಾರ್ಕ್ ಕ್ಯಾಬಿನ್‌ಗೆ ಹೊಸ ರೂಪ ಕೊಡುವುದು ಹೇಗೆ?

ಹಾಲಿಡೇ ಪಾರ್ಕ್ ಅಂದರೆ ಒಂದೇ ಆವರಣದಲ್ಲಿ ಸಾಲಾಗಿ ನಿಂತ ಪುಟ್ಟ ಪುಟ್ಟ ವಸತಿಗಳು, ನಡುವೆ ಈಜುಕೊಳ, ಮಕ್ಕಳ ಆಟದ ಜಾಗ, ಒಂದು ಅಂಗಡಿ. 1936ರಲ್ಲಿ ಇಂಗ್ಲೆಂಡಿನ ಸ್ಕೆಗ್‌ನೆಸ್‌ನಲ್ಲಿ ಬಿಲ್ಲಿ ಬಟ್ಲಿನ್ ತಮ್ಮ ಹಾಲಿಡೇ ಕ್ಯಾಂಪ್ ಶುರು ಮಾಡಿದಾಗ ರೂಮು ಅನ್ನೋದು ರಾತ್ರಿ ಮಲಗೋಕೆ ಮಾತ್ರ ಇತ್ತು, ಹಗಲೆಲ್ಲ ಜನ ಹೊರಗೇ ಇರುತ್ತಿದ್ದರು. 1968ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪೀಟ್ ಡರ್ಕ್ಸೆನ್ ಕಾಡಿನ ನಡುವೆ ಬಂಗಲೆಗಳ ಪಾರ್ಕ್ ತೆರೆದರು, ಮುಂದೆ ಅದೇ ಸೆಂಟರ್ ಪಾರ್ಕ್ಸ್ ಆಯಿತು. ಅಲ್ಲಿ ವಸತಿಯ ಒಳಗೇ ದಿನ ಕಳೆಯಬಹುದಿತ್ತು. ಈಗಂತೂ ಬುಕ್ ಮಾಡುವವರು ಮೊದಲು ನೋಡುವುದೇ ಒಳಗಿನ ಫೋಟೋ.

ತೊಂದರೆ ಶುರುವಾಗುವುದೂ ಅಲ್ಲೇ. ಫೋಟೋದಲ್ಲಿ ಚೆಂದ ಕಾಣುವುದು ಒಂದು, ನಾಲ್ಕು ಜನ, ಒದ್ದೆ ಟವೆಲ್, ಕೆಸರು ಬೂಟು, ಒಂದು ನಾಯಿ ಎಲ್ಲ ಸೇರಿ ಮೂರು ದಿನ ಇರೋಕೆ ಆಗುವುದು ಇನ್ನೊಂದು. ಇಂಥ ಪಾರ್ಕ್‌ನಲ್ಲಿ ನಿಮ್ಮದೊಂದು ಕ್ಯಾಬಿನ್ ಇದ್ದು ಅದನ್ನು ಬಾಡಿಗೆಗೆ ಕೊಡುವುದಾದರೆ, ಈಗಿನ ಟ್ರೆಂಡ್‌ಗಳಲ್ಲಿ ಚಿಕ್ಕ ಜಾಗದ ಕಷ್ಟ ಕಡಿಮೆ ಮಾಡುವಂಥವನ್ನು ಆರಿಸಿಕೊಳ್ಳಿ, ಉಳಿದದ್ದನ್ನು ಬಿಡಿ. ಕೆಲಸದ ಕ್ರಮ ಹೀಗಿರಲಿ.

1. ನಿಮ್ಮ ಹತ್ತಿರ ಇರುವುದು ಯಾವ ಬಗೆಯದು ಅಂತ ತಿಳಿದುಕೊಳ್ಳಿ

ಸ್ಟ್ಯಾಟಿಕ್ ಕ್ಯಾರವಾನ್ ಅಂದರೆ ಒಂದೇ ಕಡೆ ನಿಲ್ಲಿಸಿಟ್ಟ ಗಾಡಿಮನೆ, ಕೆಳಗೆ ಚಕ್ರ ಇರುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಲಾಡ್ಜ್ ಅಂದರೆ ಸಾಮಾನ್ಯವಾಗಿ ಎರಡು ಅರ್ಧಗಳನ್ನು ಲಾರಿಯಲ್ಲಿ ತಂದು ಜಾಗದಲ್ಲೇ ಜೋಡಿಸಿದ್ದು. ಇವಲ್ಲದೆ ಪಾಡ್ ಅನ್ನುವ ಪುಟ್ಟ ಮರದ ಗೂಡು, ಸಫಾರಿ ಟೆಂಟ್, ಕಬ್ಬಿಣದ ಚಕ್ರದ ಮೇಲೆ ನಿಂತ ಕುರುಬರ ಗುಡಿಸಲು, ಮರದ ಮೇಲಿನ ಮನೆ, ಹೀಗೆ ಈಗ ಬಗೆಬಗೆಯದು ಬಂದಿದೆ. ಬ್ರಿಟನ್ನಿನಲ್ಲಿ ಕಾನೂನಿನ ಪ್ರಕಾರ ಕ್ಯಾರವಾನ್ ಅನ್ನಿಸಿಕೊಳ್ಳಬೇಕಾದರೆ ಉದ್ದ 20 ಮೀಟರ್, ಅಗಲ 6.8 ಮೀಟರ್, ಒಳಗಿನ ಎತ್ತರ 3.05 ಮೀಟರ್ ದಾಟುವಂತಿಲ್ಲ, ಲಾಡ್ಜ್‌ಗಳೂ ಸಾಮಾನ್ಯವಾಗಿ ಇದೇ ಅಳತೆಯೊಳಗೆ ಬರುತ್ತವೆ. ಹಾಗಾಗಿ ದೊಡ್ಡದು ಮಾಡೋಣ ಅನ್ನುವ ಆಸೆಗೆ ಒಂದು ಗೆರೆ ಇದ್ದೇ ಇದೆ. ಹೊರಗಿನ ಬಣ್ಣ, ಡೆಕ್ (ಮನೆಗೆ ತಾಗಿದ ಮರದ ಜಗಲಿ), ಬೇಲಿ ಇವಕ್ಕೆ ಪಾರ್ಕ್‌ನವರ ಒಪ್ಪಿಗೆ ಬೇಕಾಗುವುದೇ ಜಾಸ್ತಿ, ಕೆಲಸಕ್ಕೆ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

2. ಬಣ್ಣದ ಡಬ್ಬಿ ತೆರೆಯುವ ಮುಂಚೆ ತೇವ ನೋಡಿ

ಇದನ್ನು ಬಿಟ್ಟು ಮುಂದೆ ಹೋದರೆ ಹಾಕಿದ ದುಡ್ಡೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ. ಹಳೆಯ ಕ್ಯಾರವಾನ್‌ಗಳ ನೆಲ ಹೆಚ್ಚಾಗಿ ಚಿಪ್‌ಬೋರ್ಡ್‌ನದು, ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ. ಬಾಗಿಲ ಹತ್ತಿರ, ಶವರ್ ಪಕ್ಕ, ಸಿಂಕ್ ಕೆಳಗೆ ಬರಿಗಾಲಲ್ಲಿ ಹಿಮ್ಮಡಿ ಒತ್ತಿ ನಡೆಯಿರಿ. ಎಲ್ಲಾದರೂ ಮೆತ್ತಗೆ ಅನ್ನಿಸಿದರೆ ಅಲ್ಲಿ ಬಿಚ್ಚಿ ನೋಡಲೇಬೇಕು. ಕಿಟಕಿಯ ಕೆಳಮೂಲೆ, ವಾರ್ಡ್‌ರೋಬ್ ಹಿಂದೆ ಕಪ್ಪು ಚುಕ್ಕೆ ಇದ್ದರೆ ಅದು ಬೂಷ್ಟು. ಚಿಕ್ಕ ಕೋಣೆಯಲ್ಲಿ ಇಬ್ಬರು ಮಲಗಿದರೆ ಅವರ ಉಸಿರಿನ ತೇವವೇ ತಣ್ಣನೆ ಗೋಡೆ ಮೇಲೆ ನೀರಾಗಿ ಕೂರುತ್ತದೆ. ಪೀಠೋಪಕರಣವನ್ನು ಹೊರಗೋಡೆಯಿಂದ ಒಂದೆರಡು ಬೆರಳಿನಷ್ಟು ದೂರ ಇಡಿ, ಬಚ್ಚಲಿಗೆ ಚೆನ್ನಾಗಿ ಎಳೆಯುವ ಫ್ಯಾನ್ ಹಾಕಿಸಿ, ಗಾಳಿಕಿಂಡಿಗಳನ್ನು ಚಳಿ ಅಂತ ಮುಚ್ಚಬೇಡಿ.

ಈಗಿನ ಟ್ರೆಂಡ್‌ಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ವರ್ಷವಿಡೀ ಬಾಡಿಗೆಗೆ ಕೊಡುವಂತೆ ವಸತಿಯನ್ನು ಬೆಚ್ಚಗೆ ಮಾಡಿಸುವುದು. ಫೋಟೋದಲ್ಲಿ ಇದು ಕಾಣಿಸುವುದೇ ಇಲ್ಲ! ಬ್ರಿಟನ್ನಿನಲ್ಲಿ ಬಿಎಸ್ 3632 ಅನ್ನುವ ಮಾನದಂಡ ಕಾಯಂ ವಾಸದ ಪಾರ್ಕ್ ಮನೆಗಳದ್ದು, ರಜೆಯ ಕ್ಯಾರವಾನ್‌ಗಳದ್ದು ಇಎನ್ 1647. ಮೊದಲನೆಯದರಲ್ಲಿ ಗೋಡೆ, ನೆಲ, ಚಾವಣಿಯ ಇನ್ಸುಲೇಶನ್, ಅಂದರೆ ಒಳಗಿನ ಬಿಸಿ ಹೊರಹೋಗದಂತೆ ತಡೆಯುವ ಪದರ, ಹೆಚ್ಚು. ಹೊಸದು ಕೊಳ್ಳುವುದಾದರೆ ಇದನ್ನು ಕೇಳಿ, ಹಳೆಯದಾದರೆ ಡಬಲ್ ಗ್ಲಾಸ್ ಕಿಟಕಿ ಮತ್ತು ನೆಲದಡಿಯ ಇನ್ಸುಲೇಶನ್ ಕಡೆ ಮೊದಲು ಗಮನ ಕೊಡಿ.

3. ಓಡಾಡುವ ದಾರಿ ಬಿಡಿಸಿ

ಗೋಡೆಗೆ ಅಂಟಿಕೊಂಡು ಯು ಆಕಾರದಲ್ಲಿ ಸುತ್ತಿಬರುವ ಹಳೆಯ ಸೋಫಾ ಈಗ ಹೋಗುತ್ತಿದೆ. ಅದರ ಜಾಗಕ್ಕೆ ಎತ್ತಿ ಬೇಕಾದ ಕಡೆ ಇಡಬಹುದಾದ ಬಿಡಿ ಸೋಫಾ, ಅಡುಗೆಮನೆ ಮತ್ತು ಕೂರುವ ಕೋಣೆ ಒಂದೇ, ಕಡೆಯ ಗೋಡೆಗೆ ದೊಡ್ಡ ಸ್ಲೈಡಿಂಗ್ ಬಾಗಿಲು. ಇದು ಒಳ್ಳೆಯ ಬದಲಾವಣೆಯೇ, ಆದರೆ ಹಳೆಯ ಸೋಫಾದ ಅಡಿಯಲ್ಲಿ ಪೆಟ್ಟಿಗೆ ಇತ್ತು ಅಲ್ವಾ, ಆ ಜಾಗ ಈಗ ಎಲ್ಲಿಂದ ತರುತ್ತೀರಿ? ಅಡಿಯಲ್ಲಿ ಸಾಮಾನು ಇಡುವಂತೆ ಮೇಲಕ್ಕೆ ಎತ್ತುವ ಮಂಚ ಹಾಕಿಸಿ, ಬಾಗಿಲ ಒಳಗಡೆಯೇ ಬೂಟು, ಜಾಕೆಟ್, ನಾಯಿಯ ಹಗ್ಗಕ್ಕೆ ಕೊಕ್ಕೆ ಮತ್ತು ಬೆಂಚು ಇಡಿ. ಈ ಬೂಟಿನ ಮೂಲೆ ಒಂದಿದ್ದರೆ ಮನೆಯ ಅರ್ಧ ಕೊಳೆ ಅಲ್ಲೇ ನಿಲ್ಲುತ್ತದೆ.

ಮಕ್ಕಳಿಗೆ ಒಂದರ ಮೇಲೊಂದು ಇರುವ ಬಂಕ್ ಮಂಚವನ್ನು ಗೋಡೆಯೊಳಗೇ ಗೂಡಿನಂತೆ ಕಟ್ಟಿಸಿ, ಒಂದೊಂದಕ್ಕೂ ಪುಟ್ಟ ದೀಪ ಮತ್ತು ಪರದೆ ಕೊಡುವುದು ಈಗ ಬಹಳ ನಡೆಯುತ್ತಿದೆ. ಮಾಡಿಸಿ, ಆದರೆ ಮೇಲಿನ ಬಂಕ್ 6 ವರ್ಷದೊಳಗಿನವರಿಗಲ್ಲ ಅಂತ ಅಲ್ಲೇ ಬರೆದು ಹಾಕಿ. ಗಾಲಿಕುರ್ಚಿಯಲ್ಲಿ ಬರುವವರಿಗೂ ಜಾಗ ಆಗಬೇಕು ಅಂದರೆ ಒಳಗೆ ತಿರುಗೋಕೆ 1.5 ಮೀಟರ್ ವ್ಯಾಸದ ಖಾಲಿ ಜಾಗ ಬೇಕು, ಇದನ್ನು ಆಮೇಲೆ ಸೇರಿಸಲು ಆಗುವುದಿಲ್ಲ, ನಕ್ಷೆಯಲ್ಲೇ ಬರಬೇಕು.

4. ಗೋಡೆ ಮತ್ತು ಬಣ್ಣ

ಬಿಳಿ ಮತ್ತು ಬೂದಿಯ ಕಾಲ ಮುಗಿಯುತ್ತಾ ಬಂದಿದೆ. ಈಗ ಒಣಗಿದ ಎಲೆಯ ಹಸಿರು, ಮಣ್ಣಿನ ಕೆಂಪು, ಓಟ್ಸ್ ಬಣ್ಣ, ತಿಳಿ ಮರ. ಜಪಾನಿನ ಮತ್ತು ಸ್ಕ್ಯಾಂಡಿನೇವಿಯಾದ ಸರಳತೆ ಎರಡನ್ನೂ ಬೆರೆಸಿದ ಜಪಾಂಡಿ ಶೈಲಿ ಚಿಕ್ಕ ಕ್ಯಾಬಿನ್‌ಗೆ ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಅದರಲ್ಲಿ ಸಾಮಾನೇ ಕಡಿಮೆ. ಕಿಟಕಿಯಾಚೆ ಏನಿದೆಯೋ ಅದರಿಂದ ಬಣ್ಣ ಆರಿಸಿ. ಸುತ್ತ ಕಾಡಿದ್ದರೆ ಹಸಿರು, ಕಡಲಿದ್ದರೆ ಮರಳಿನ ಬಣ್ಣ. ಒಂದು ದೊಡ್ಡ ರಟ್ಟಿಗೆ ಬಣ್ಣ ಬಳಿದು ಬೆಳಗ್ಗೆ, ಸಂಜೆ, ದೀಪದಲ್ಲಿ ಇಟ್ಟು ನೋಡಿ.

ಇಲ್ಲೊಂದು ಕೆಲಸದ ಗುಟ್ಟು. ಹಳೆಯ ಕ್ಯಾರವಾನ್ ಗೋಡೆ ನೋಡೋಕೆ ವಾಲ್‌ಪೇಪರ್ ಥರ ಇರುತ್ತದೆ, ನಿಜಕ್ಕೂ ಅದು ತೆಳು ಹಲಗೆ ಮೇಲೆ ಅಂಟಿಸಿದ ವಿನೈಲ್ ಹಾಳೆ. ಅದರ ಮೇಲೆ ಸುಮ್ನೆ ಬಣ್ಣ ಬಳಿದರೆ ಉಗುರಿನಲ್ಲಿ ಕೆರೆದರೂ ಎದ್ದು ಬರುತ್ತದೆ. ಮೊದಲು ಜಿಡ್ಡು ತೊಳೆಯಿರಿ, ಸಣ್ಣ ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳು ಒರೆಸಿ, ನುಣುಪು ಮೇಲ್ಮೈಗೆ ಹಿಡಿಯುವ ಪ್ರೈಮರ್ ಒಂದು ಕೋಟ್ ಕೊಟ್ಟು ಪೂರ್ತಿ ಒಣಗಲು ಬಿಡಿ, ಆಮೇಲೆ ಎರಡು ಕೋಟ್ ಬಣ್ಣ. ಹಲಗೆಗಳು ಕೂಡುವ ಕಡೆ ಇರುವ ಪಟ್ಟಿಯನ್ನು ಕಿತ್ತು ಪುಟ್ಟಿ ತುಂಬಬೇಡಿ. ಬಿಸಿಲಿಗೆ, ಚಳಿಗೆ ಈ ಮನೆ ಹಿಗ್ಗಿ ಕುಗ್ಗುತ್ತದೆ, ಪುಟ್ಟಿ ಬಿರುಕು ಬಿಡುತ್ತದೆ. ಬಚ್ಚಲಲ್ಲಿ ಟೈಲ್ಸ್ ಬದಲು ಲ್ಯಾಮಿನೇಟ್ ಅಥವಾ ಪಿವಿಸಿ ಹಲಗೆ ಹಾಕಿಸುವುದೂ ಇದೇ ಕಾರಣಕ್ಕೆ, ಭಾರವೂ ಕಡಿಮೆ.

ಮರದ ಪಟ್ಟಿಗಳ ಗೋಡೆ ಈಗ ಎಲ್ಲೆಡೆ ಕಾಣುತ್ತದೆ. ಪಟ್ಟಿಗಳ ಹಿಂದೆ ಫೆಲ್ಟ್ ಅನ್ನುವ ದಪ್ಪ ಮೆತ್ತನೆ ಬಟ್ಟೆ ಇರುವಂಥದ್ದು ಗದ್ದಲ ಸ್ವಲ್ಪ ತಗ್ಗಿಸುತ್ತದೆ ನಿಜ, ಆದರೆ ಸಂದಿಯ ಧೂಳು ಯಾರು ತೆಗೆಯುತ್ತಾರೆ? ಮಂಚದ ತಲೆಯ ಕಡೆ ಒಂದು ಗೋಡೆಗೆ ಸಾಕು.

5. ನೆಲ, ಬಟ್ಟೆ, ಸೋಫಾ

ನೆಲಕ್ಕೆ ಎಲ್‌ವಿಟಿ, ಅಂದರೆ ಮರದಂತೆ ಕಾಣುವ ವಿನೈಲ್ ಹಲಗೆ, ಸರಿಹೋಗುತ್ತದೆ. ಬಾಡಿಗೆ ಮನೆಗೆ ಮೇಲಿನ ಸವೆತದ ಪದರ 0.55 ಮಿ.ಮೀ. ಇರಲಿ. ಸೋಫಾ ಬಟ್ಟೆ ಕೊಳ್ಳುವಾಗ ಮಾರ್ಟಿಂಡೇಲ್ ಸಂಖ್ಯೆ ಕೇಳಿ. ಬಟ್ಟೆ ಎಷ್ಟು ಉಜ್ಜಾಟ ತಾಳುತ್ತದೆ ಅನ್ನುವ ಅಳತೆ ಅದು, 30,000ದ ಆಸುಪಾಸು ಅಥವಾ ಮೇಲಿದ್ದರೆ ಬಾಡಿಗೆಯ ಬಳಕೆಗೆ ನಡೆಯುತ್ತದೆ. ಗುಂಗುರು ಗುಂಗುರಾದ ಬೂಕ್ಲೆ ಬಟ್ಟೆ ಫೋಟೋಗೆ ಸೊಗಸು, ನಾಯಿಯ ಉಗುರಿಗೆ ಸಿಕ್ಕರೆ ದಾರ ದಾರವಾಗಿ ಎದ್ದು ಬರುತ್ತದೆ. ಹೊದಿಕೆ ಬಿಚ್ಚಿ ಒಗೆಯುವ ಹಾಗಿರಲಿ.

ಹಾಸಿಗೆ ಬಟ್ಟೆ ಮೂರು ಜೊತೆ: ಒಂದು ಮಂಚದ ಮೇಲೆ, ಒಂದು ಒಗೆಯೋಕೆ, ಒಂದು ಕಪಾಟಿನಲ್ಲಿ. ಅಲಂಕಾರದ ದಿಂಬು ಎರಡು ಸಾಕು, ಜಾಸ್ತಿ ಇಟ್ಟರೆ ರಾತ್ರಿ ಅವು ಇರುವುದು ನೆಲದ ಮೇಲೇ.

6. ದೀಪ

ಬಲ್ಬಿನ ಡಬ್ಬಿ ಮೇಲೆ 2700 ಕೆಲ್ವಿನ್ ಅಂತ ನೋಡಿ ತನ್ನಿ, ಬೆಚ್ಚನೆ ಹಳದಿ ಬೆಳಕು. ಚಾವಣಿಯ ನಡುವೆ ಒಂದೇ ದೀಪ ಬೇಡ, ಮಂಚದ ಎರಡೂ ಕಡೆ, ಅಡುಗೆ ಕಟ್ಟೆಯ ಮೇಲೆ, ಸೋಫಾ ಪಕ್ಕ ಬೇರೆ ಬೇರೆ ಇರಲಿ. ಎದ್ದು ಹೋಗದೆ ಮಲಗಿದಲ್ಲೇ ಆರಿಸುವಂತೆ ಸ್ವಿಚ್, ಅದರ ಪಕ್ಕ ಚಾರ್ಜಿಂಗ್ ಪಾಯಿಂಟ್. ಕಪ್ಪು ನಲ್ಲಿಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ: ಗಡಸು ನೀರಿನ ಊರಾದರೆ ಬಿಳಿ ಕಲೆ ಎದ್ದು ಕಾಣುತ್ತದೆ, ಬೇಡ. ಗ್ಯಾಸ್ ಅಥವಾ ಸೌದೆ ಒಲೆ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು, ಆ ವಿಷದ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

7. ಹೊರಗಿನ ಡೆಕ್, ಹಾಟ್ ಟಬ್

ಬುಕಿಂಗ್ ತರುವುದರಲ್ಲಿ ಹಾಟ್ ಟಬ್‌ನದ್ದು, ಅಂದರೆ ಹಲವರು ಕೂತು ಮೈ ನೆನೆಸುವ ಬಿಸಿನೀರಿನ ತೊಟ್ಟಿಯದ್ದು, ದೊಡ್ಡ ಪಾಲು, ತಲೆನೋವಿನಲ್ಲೂ ಹಾಗೆಯೇ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್, ಅದರ ಮೇಲೆ ಆರು ಜನ. ಮಾಮೂಲಿ ಡೆಕ್ ಇಷ್ಟು ತಡೆಯುತ್ತದೆ ಅಂತ ನಂಬಬೇಡಿ, ಟಬ್‌ಗೇ ಬೇರೆ ಕಾಂಕ್ರೀಟ್ ಹಾಸು ಮಾಡಿಸಿ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ, ಟಬ್ಬಿನ ನೀರು ಇರುವುದೂ ಅಲ್ಲೇ. ಆದ್ದರಿಂದ ದಿನವೂ ನೀರು ಪರೀಕ್ಷಿಸಿ ಔಷಧಿ ಹಾಕಲು ಜನ ಇಲ್ಲದಿದ್ದರೆ ಟಬ್ ಯೋಚನೆಯನ್ನೇ ಬಿಡಿ. ಚಾವಣಿ ಇರುವ ಡೆಕ್, ನಾಲ್ಕು ಗಟ್ಟಿ ಕುರ್ಚಿ, ಒದ್ದೆ ಬಟ್ಟೆ ಒಣಗಲು ತಂತಿ ಇಷ್ಟಿದ್ದರೂ ಜನ ಖುಷಿಯಾಗಿರುತ್ತಾರೆ.

8. ಒಂದು ರಾತ್ರಿ ನೀವೇ ಇರಿ, ಆಮೇಲೆ ಫೋಟೋ

ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಅಡುಗೆ ಮಾಡಿ, ಸ್ನಾನ ಮಾಡಿ, ಮಲಗಿ. ಚಾಕು ಹರಿತವಿದೆಯಾ, ಕಸದ ಬುಟ್ಟಿ ಎಲ್ಲಿ, ಮುಂಜಾನೆ ಬೆಳಕು ಕಣ್ಣಿಗೆ ಹೊಡೆಯುತ್ತದಾ, ಎರಡನೆಯವರ ಸ್ನಾನಕ್ಕೆ ಬಿಸಿನೀರು ಉಳಿಯುತ್ತದಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಸಿಕ್ಕ ಕೊರತೆ ಸರಿಮಾಡಿ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಕೋಣೆಯನ್ನು ದುಪ್ಪಟ್ಟು ತೋರಿಸುವ ಅಗಲದ ಲೆನ್ಸ್ ಬೇಡ, ಬಂದವರು ಬಾಗಿಲಲ್ಲೇ ಮುಖ ಸಿಂಡರಿಸುತ್ತಾರೆ. ಬಂಕ್ ಅಗಲ 70 ಸೆಂ.ಮೀ. ಇದ್ದರೆ ಫೋಟೋ ಕೆಳಗೆ 70 ಸೆಂ.ಮೀ. ಅಂತಲೇ ಬರೆಯಿರಿ.