ಅಡಿಕೆ ಬಿಲ್ಲು, ಪಹಣಿ ಮತ್ತು ಕೆನಡಾದ ಸ್ಟಡಿ ಪರ್ಮಿಟ್

ಕೆನಡಾದಲ್ಲಿ ಶುಲ್ಕ ಪಡೆದು ವಲಸೆ ಸಲಹೆ ನೀಡಲು, ವಕೀಲರಂಥ ಕೆಲವರನ್ನು ಬಿಟ್ಟರೆ ಉಳಿದವರಿಗೆ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಎಂಬ ನಿಯಂತ್ರಣ ಸಂಸ್ಥೆಯ ಪರವಾನಗಿ ಬೇಕು. ಆ ಪರವಾನಗಿಯ ಮೇಲೆ ಮಿಸ್ಸಿಸ್ಸಾಗಾದಲ್ಲಿ ನಾನು ನಡೆಸುವ ಕಡತಗಳಲ್ಲಿ ಕರ್ನಾಟಕದ ವಿದ್ಯಾರ್ಥಿಗಳವೂ ಇವೆ. ಅವುಗಳಲ್ಲಿ ಹೆಚ್ಚು ದುಡಿಮೆ ಬೇಡುವುದು ಕೃಷಿ ಕುಟುಂಬದ ಹಣಕಾಸಿನ ದಾಖಲೆ.

ಚನ್ನಗಿರಿ ಕಡೆಯ ಒಬ್ಬ ವಿದ್ಯಾರ್ಥಿನಿಗೆ ಒಂಟಾರಿಯೊದ ಕಾಲೇಜಿನಲ್ಲಿ ಸೀಟು ಸಿಕ್ಕಿ, ಪ್ರಾಂತ್ಯದ ದೃಢೀಕರಣ ಪತ್ರವೂ (ಪರ್ಮಿಟ್‌ಗಳ ಮಿತಿಯೊಳಗೆ ಪ್ರಾಂತ್ಯ ಜಾಗ ಕೊಟ್ಟಿದೆ ಎಂಬ ಪತ್ರ) ಬಂದಿತ್ತು. 2025ರ ಸೆಪ್ಟೆಂಬರ್ 1ರಿಂದ ಕ್ವಿಬೆಕ್ ಹೊರತಾದ ಕಡೆ ಸ್ಟಡಿ ಪರ್ಮಿಟ್, ಅಂದರೆ ಅಲ್ಲಿ ಓದಲು ಬೇಕಾದ ಅನುಮತಿ, ಕೇಳುವ ಒಬ್ಬ ವಿದ್ಯಾರ್ಥಿ ಬೋಧನಾ ಶುಲ್ಕ ಮತ್ತು ಪ್ರಯಾಣ ವೆಚ್ಚವಲ್ಲದೆ ಜೀವನ ವೆಚ್ಚಕ್ಕೆಂದೇ 22,895 ಕೆನಡಿಯನ್ ಡಾಲರ್ ತೋರಿಸಬೇಕಾಗಿದೆ. ಹಣ ಅವರ ಬಳಿ ಇತ್ತು. ಆದರೆ ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲದ ಕಾರಣ ತಂದೆಯ ರಿಟರ್ನ್‌ನಲ್ಲಿ ತೋರಿಸುವಂಥದ್ದೇನೂ ಇರಲಿಲ್ಲ. ಪಾಸ್‌ಬುಕ್ಕಿನಲ್ಲಿ ಮಾತ್ರ ಅರ್ಜಿಗೆ ಸ್ವಲ್ಪ ಮೊದಲು ಒಂದೇ ಸಲ ದೊಡ್ಡ ಮೊತ್ತ ಜಮೆಯಾಗಿತ್ತು. “ದುಡ್ಡು ನಮ್ದೇ ಸ್ವಾಮಿ, ಅಡಿಕೆ ಮಾರಿದ್ದು, ಇದಕ್ಕೆ ಸಾಕ್ಷಿ ಏನು ಕೊಡೋದು?” ಎಂದರು ತಂದೆ.

ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ, ಧಾರಣೆ ಏರುವವರೆಗೆ ಮನೆಯಲ್ಲೇ ಚೀಲ ಕಟ್ಟಿ ಇಡುವುದುಂಟು ಎಂಬುದು ನಮಗೆ ಹೇಳಬೇಕಾದ ಸಂಗತಿಯೇ ಅಲ್ಲ, ಆದರೆ ಅರ್ಜಿ ನೋಡುವ ಅಧಿಕಾರಿಗೆ ಅದು ಹೊಸದು. ಆದ್ದರಿಂದ ವಿವರಣಾ ಪತ್ರದಲ್ಲಿ ವಿದ್ಯಾರ್ಥಿನಿಯ ಕನಸುಗಳನ್ನು ಎರಡು ಸಾಲಿಗೆ ಇಳಿಸಿ (ಏಜೆಂಟರು ಪುಟಗಟ್ಟಲೆ ಬರೆಸುವುದು ಅದನ್ನೇ), ಈ ದಾಸ್ತಾನಿನ ಪದ್ಧತಿಯನ್ನು ವಿವರಿಸಿದೆ. ಸಹಕಾರ ಸಂಘದ ಮಾರಾಟದ ಬಿಲ್ಲುಗಳನ್ನು ತರಿಸಿ, ಪ್ರತಿ ಬಿಲ್ಲಿನ ತೂಕ, ದರ ಮತ್ತು ಕೈಗೆ ಬಂದ ಮೊತ್ತವನ್ನು ಪಾಸ್‌ಬುಕ್ಕಿನ ಆ ಜಮೆಗೆ ಜೋಡಿಸಿ ಒಂದು ಪಟ್ಟಿ ಮಾಡಿದೆ. ಪಹಣಿಯ ಕಾಲಂ 9ರಲ್ಲಿ, ಅಂದರೆ ಮಾಲೀಕರ ಹೆಸರಿನ ಜಾಗದಲ್ಲಿ, ಇನ್ನೂ ಅಜ್ಜನ ಹೆಸರೇ ಇದ್ದುದರಿಂದ ವಂಶವೃಕ್ಷವನ್ನೂ, ತೋಟದ ಆದಾಯವನ್ನು ಮೊಮ್ಮಗಳ ಓದಿಗೆ ಬಳಸಲು ತಮ್ಮ ಒಪ್ಪಿಗೆಯಿದೆ ಎಂಬ ಅಜ್ಜನ ಪ್ರಮಾಣಪತ್ರವನ್ನೂ ಸೇರಿಸಿದೆ. ಕನ್ನಡದ ಪ್ರತಿಯೊಂದು ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು, ಅನುವಾದಕರು ಪ್ರಮಾಣೀಕೃತರಲ್ಲದಿದ್ದರೆ ಅವರ ಅಫಿಡವಿಟ್ ಕೂಡ ಬೇಕು. ಮನೆಯವರೇ ಮಾಡಿದ ಅನುವಾದ ನಡೆಯುವುದಿಲ್ಲ.

ನಡುವೆ ಅವರ ನೆಂಟರೊಬ್ಬರು, ಕೈಸಾಲ ತಂದು ಖಾತೆಯಲ್ಲಿನ ಮೊತ್ತವನ್ನು ಹೆಚ್ಚಿಸಿ ತೋರಿಸಿದರೆ ಕೆಲಸ ಸಲೀಸಲ್ಲವೇ ಎಂದು ಕೇಳಿದರು. ತಪ್ಪು ನಿರೂಪಣೆ ಎಂದು ತೀರ್ಮಾನವಾದರೆ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ 5 ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ, ಹಾಗೆ ಮಾಡುವುದಾದರೆ ಈ ಕಡತ ನನ್ನ ಬಳಿ ಇರುವುದಿಲ್ಲ ಎಂದೆ. ನನ್ನ ಶುಲ್ಕವನ್ನೂ, ಕಾಲೇಜುಗಳಿಂದ ನಾನು ಕಮಿಷನ್ ಪಡೆಯುವುದಿಲ್ಲವೆಂಬುದನ್ನೂ ಲಿಖಿತ ಒಪ್ಪಂದದಲ್ಲಿ ಮೊದಲೇ ನಮೂದಿಸಿರುತ್ತೇನೆ. ಈ ಕಾರಣಕ್ಕೇ ಹೀಗೆ ಖಡಾಖಂಡಿತವಾಗಿ ಮಾತನಾಡಲು ಸಾಧ್ಯವಾಗುತ್ತದೆ.

ಪರ್ಮಿಟ್ ಮಂಜೂರಾಯಿತು. ತಮ್ಮನ ಮಗನಿಗೂ ಇದೇ ಕಾಗದಪತ್ರಗಳು ಆಗುತ್ತವೆಯೇ ಎಂದು ತಂದೆ ವಿಚಾರಿಸಿದರು. ಈ ಬಿಲ್ಲುಗಳ ಹಣ ಮಗಳ ಲೆಕ್ಕಕ್ಕೆ ಸಂದುಹೋಗಿದೆ, ತಮ್ಮನ ಪಾಲಿನ ಬಿಲ್ಲು, ಪಾಸ್‌ಬುಕ್ಕುಗಳನ್ನು ಬೇರೆಯಾಗಿಯೇ ಕಳಿಸಿ ಎಂದು ತಿಳಿಸಿದೆ.