ಹೊರರೋಗಿ ಚಿಕಿತ್ಸಾಲಯದಲ್ಲೇ ಕ್ಷಯ ಪರೀಕ್ಷೆ: ಸೀಮಿತ ಸೌಲಭ್ಯಗಳಲ್ಲಿ ನಡೆಸುವ ಬಗೆ

ಕ್ಷಯದ ಪರೀಕ್ಷೆಯನ್ನು ಹೊರರೋಗಿ ಚಿಕಿತ್ಸಾಲಯದಲ್ಲೇ ಆರಂಭಿಸಲು ಯೋಚಿಸುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಯಂತ್ರ ತರಿಸಬೇಕೆಂದು. ಅದಕ್ಕೂ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಬೆಳಿಗ್ಗೆ ಕೆಮ್ಮುತ್ತ ಬಂದ ರೋಗಿ ಸಂಜೆಯೊಳಗೆ ಫಲಿತಾಂಶ ತಿಳಿದುಕೊಂಡು, ರೋಗ ಖಚಿತವಾದರೆ ಮಾತ್ರೆಗಳನ್ನು ಪಡೆದೇ ಹೊರಡಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ, ಯಂತ್ರವು ವೈದ್ಯರ ಪಕ್ಕದ ಕೋಣೆಯಲ್ಲೇ ಇದ್ದರೂ ಅದರಿಂದ ದೊರೆಯುವ ಲಾಭ ಅಲ್ಪ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಜಾಂಬಿಯಾ ಮತ್ತು ತಾಂಜಾನಿಯಾಗಳ ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಲ್ಪಾವಧಿಯ ತರಬೇತಿ ಪಡೆದ ನರ್ಸ್‌ಗಳೇ ಎಕ್ಸ್‌ಪರ್ಟ್ ಪರೀಕ್ಷೆಯನ್ನು (ಕಫದಲ್ಲಿ ಕ್ಷಯ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಯಂತ್ರ ಪರೀಕ್ಷೆ) ಸಮರ್ಪಕವಾಗಿ ನಡೆಸಬಲ್ಲರೆಂದು ಕಂಡುಬಂತು. ಅದೇ ದಿನ ಚಿಕಿತ್ಸೆ ಆರಂಭಿಸಿದವರ ಸಂಖ್ಯೆಯೂ ಹೆಚ್ಚಿತು. ಆದರೆ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪದ್ಧತಿಯ ಗುಂಪಿಗೆ ಹೋಲಿಸಿದರೆ, ಕಾಯಿಲೆಯ ತೀವ್ರತೆ ಆರು ತಿಂಗಳ ನಂತರ ಕಡಿಮೆಯಾಗಿರಲಿಲ್ಲ. ಹಳೆಯ ಪದ್ಧತಿಯ ಗುಂಪಿನಲ್ಲಿಯೂ ವೈದ್ಯರು ಲಕ್ಷಣಗಳನ್ನು ನೋಡಿಯೇ ಅನೇಕರಿಗೆ ಚಿಕಿತ್ಸೆ ಆರಂಭಿಸಿದ್ದುದು ಅದಕ್ಕೆ ಮುಖ್ಯ ಕಾರಣ. ಯಂತ್ರದ ಸುತ್ತಲಿನ ವ್ಯವಸ್ಥೆಗೆ ಯಂತ್ರದಷ್ಟೇ ಗಮನ ಬೇಕೆಂಬುದನ್ನು ಇದರಿಂದ ಅರಿಯಬೇಕು.

ಯಾರನ್ನು ಪರೀಕ್ಷಿಸಬೇಕು

ನೋಂದಣಿ ಮೇಜಿನಲ್ಲೇ ಪ್ರತಿಯೊಬ್ಬರಿಗೂ ನಾಲ್ಕು ಪ್ರಶ್ನೆಗಳನ್ನು ಕೇಳಿ: ಕೆಮ್ಮು ಇದೆಯೇ, ಜ್ವರ ಬರುತ್ತಿದೆಯೇ, ರಾತ್ರಿ ಬೆವರುತ್ತದೆಯೇ, ತೂಕ ಇಳಿದಿದೆಯೇ. ಎಚ್‌ಐವಿ ಸೋಂಕಿರುವವರಲ್ಲಿ ಇವುಗಳಲ್ಲಿ ಒಂದಿದ್ದರೂ, ಅದು ಎಷ್ಟೇ ಅಲ್ಪಾವಧಿಯದಾಗಿದ್ದರೂ, ಪರೀಕ್ಷೆ ಅಗತ್ಯ. ಉಳಿದವರಲ್ಲಿ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲದ ಕೆಮ್ಮು ಮುಖ್ಯ ಸೂಚನೆ. ಕೆಮ್ಮುವವರಿಗೆ ಮುಖಗವಸು ಕೊಟ್ಟು ಸಾಲಿನಿಂದ ಬೇರ್ಪಡಿಸಿ, ಗಾಳಿಯಾಡುವ ಜಾಗದಲ್ಲಿ ಕೂರಿಸುವ ಕೆಲಸವೂ ಈ ಹಂತದಲ್ಲೇ ಆಗಬೇಕು. ಕ್ಷಯದ ಶಂಕೆಯಿರುವ ಪ್ರತಿಯೊಬ್ಬರಿಗೂ, ಅವರ ಒಪ್ಪಿಗೆ ಪಡೆದು, ಎಚ್‌ಐವಿ ಪರೀಕ್ಷೆಯನ್ನು ಅಂದೇ ಮಾಡಿಸಿ. ಮುಂದಿನ ಹಲವು ನಿರ್ಧಾರಗಳು ಅದರ ಮೇಲೆ ನಿಂತಿವೆ.

ಲಕ್ಷಣಗಳನ್ನು ವಿಚಾರಿಸದೆ ಬಂದವರನ್ನೆಲ್ಲ ಪರೀಕ್ಷಿಸುವುದು ಕಾಣುವಷ್ಟು ನಿರಪಾಯಕಾರಿಯಲ್ಲ. ಪರೀಕ್ಷೆಯೊಂದು ರೋಗವಿರುವ ನೂರರಲ್ಲಿ 90 ಜನರನ್ನು ಗುರುತಿಸುತ್ತದೆ, ರೋಗವಿಲ್ಲದ ನೂರರಲ್ಲಿ 98 ಜನರಿಗೆ ಇಲ್ಲವೆಂದು ಸರಿಯಾಗಿ ಹೇಳುತ್ತದೆ ಎಂದುಕೊಳ್ಳೋಣ. ಪರೀಕ್ಷಿಸಿದ ಸಾವಿರ ಜನರಲ್ಲಿ 100 ಮಂದಿಗೆ ಕ್ಷಯವಿದ್ದರೆ 90 ನಿಜವಾದ ಪಾಸಿಟಿವ್‌ಗಳೂ 18 ಸುಳ್ಳು ಪಾಸಿಟಿವ್‌ಗಳೂ ಬರುತ್ತವೆ. ಸಾವಿರದಲ್ಲಿ 10 ಮಂದಿಗೆ ಮಾತ್ರ ಕ್ಷಯವಿದ್ದರೆ ನಿಜವಾದವು 9, ಸುಳ್ಳಾದವು ಸುಮಾರು 20. ಅಂದರೆ ಅದೇ ಪರೀಕ್ಷೆಯನ್ನು ನಂಬಿ ಔಷಧ ಪಡೆಯುವವರಲ್ಲಿ ಮೂರನೇ ಎರಡು ಭಾಗದಷ್ಟು ಜನ ರೋಗವೇ ಇಲ್ಲದೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ. ಕಾರ್ಟ್ರಿಜ್‌ಗಳು (ಪ್ರತಿ ಪರೀಕ್ಷೆಗೆ ಒಂದರಂತೆ ಯಂತ್ರಕ್ಕೆ ಹಾಕುವ ಕೋಶಗಳು) ಮಿತವಾಗಿರುವಲ್ಲಿ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ತೂಕವಿದೆ.

ಕಫ ಸಂಗ್ರಹ

ಇಡೀ ಕೆಲಸದಲ್ಲಿ ಅತ್ಯಂತ ಅಗ್ಗವಾದ, ಅತ್ಯಂತ ಅಲಕ್ಷ್ಯಕ್ಕೊಳಗಾದ ಹಂತವಿದು. ಬಹುತೇಕ ಕಡೆ ರೋಗಿಯ ಕೈಗೆ ಡಬ್ಬಿ ಕೊಟ್ಟು “ಉಗುಳಿ ತನ್ನಿ” ಎನ್ನಲಾಗುತ್ತದೆ, ಅವರು ಹೇಳಿದಂತೆಯೇ ಎಂಜಲನ್ನು ತರುತ್ತಾರೆ. ಎಂಜಲಿನಲ್ಲಿ ಶ್ವಾಸಕೋಶದ ಬ್ಯಾಕ್ಟೀರಿಯಾ ಬಲು ಕಡಿಮೆ; ಅಂಥ ಮಾದರಿಯಿಂದ ಬಂದ ನೆಗೆಟಿವ್ ಫಲಿತಾಂಶ ರೋಗಿಯನ್ನೂ ವೈದ್ಯರನ್ನೂ ಸಮಾನವಾಗಿ ದಾರಿ ತಪ್ಪಿಸುತ್ತದೆ. ಆದ್ದರಿಂದ ಒಬ್ಬ ಸಿಬ್ಬಂದಿ ಎರಡು ನಿಮಿಷ ನಿಂತು ವಿವರಿಸಬೇಕು: ಮೊದಲು ನೀರಿನಿಂದ ಬಾಯಿ ಮುಕ್ಕಳಿಸಬೇಕು, ಎರಡು ಬಾರಿ ದೀರ್ಘವಾಗಿ ಉಸಿರೆಳೆದು ಕೆಲವು ಕ್ಷಣ ಹಿಡಿದು ಬಿಡಬೇಕು, ಮೂರನೇ ಸಲ ಉಸಿರೆಳೆದ ಕೂಡಲೇ ಎದೆಯಾಳದಿಂದ ಕೆಮ್ಮಿ, ಬಂದ ಕಫವನ್ನು ಡಬ್ಬಿಗೆ ಹಾಕಬೇಕು. 3ರಿಂದ 5 ಮಿಲಿಲೀಟರ್ ಸಾಕು. ಎಷ್ಟೆಂದು ರೋಗಿಗೆ ತಿಳಿಯುವಂತೆ ಡಬ್ಬಿಯ ಮೇಲೆ ಗೆರೆ ಎಳೆದು ಕೊಡುವುದು ಒಳ್ಳೆಯದು.

ಕಫ ತೆಗೆಯುವ ಜಾಗ ಹೊರಗೆ, ಬಯಲಿನಲ್ಲಿ, ಇತರರಿಂದ ದೂರದಲ್ಲಿರಬೇಕು. ಶೌಚಾಲಯವನ್ನು ಇದಕ್ಕೆ ಬಳಸಲೇಬಾರದು: ಗಾಳಿಯಾಡದ ಆ ಕಿರುಕೋಣೆಗೆ ಮುಂದೆ ಬರುವವರೆಲ್ಲ ಸೋಂಕಿಗೆ ಒಡ್ಡಿಕೊಳ್ಳುತ್ತಾರೆ. ಹಾಗೆಯೇ ಎಲ್ಲರೆದುರು ಕೆಮ್ಮಿ ಕಫ ತೆಗೆಯಲು ಬಹಳ ಜನ ಸಂಕೋಚಪಡುತ್ತಾರೆ, ವಿಶೇಷವಾಗಿ ಮಹಿಳೆಯರು. ಮೇಲ್ಭಾಗ ತೆರೆದ ಒಂದು ಮರೆ ಕಟ್ಟಿಸಿದರೆ ಮಾದರಿಯ ಗುಣಮಟ್ಟ ತಾನಾಗಿ ಸುಧಾರಿಸುತ್ತದೆ. ರೋಗಿಯ ಹೆಸರು ಮತ್ತು ಸಂಖ್ಯೆಯನ್ನು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲೆ ಬೇಡ, ಏಕೆಂದರೆ ಮುಚ್ಚಳಗಳು ಅದಲುಬದಲಾಗುತ್ತವೆ. ಅದೇ ದಿನ ಪರೀಕ್ಷಿಸಲಾಗದಿದ್ದರೆ ಮಾದರಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು.

ಚಿಕ್ಕ ಮಕ್ಕಳು ಕಫವನ್ನು ಹೊರಹಾಕದೆ ನುಂಗಿಬಿಡುತ್ತಾರೆ. ಅವರಲ್ಲಿ ಮಲದ ಮಾದರಿಯನ್ನು ಎಕ್ಸ್‌ಪರ್ಟ್‌ನ ಹೆಚ್ಚು ಸೂಕ್ಷ್ಮವಾದ ಹೊಸ ರೂಪವಾದ ಎಕ್ಸ್‌ಪರ್ಟ್ ಅಲ್ಟ್ರಾದಲ್ಲಿ ಪರೀಕ್ಷಿಸಬಹುದು. ಮಗುವಿಗೆ ಹಿಂಸೆಯಿಲ್ಲದ, ಸಣ್ಣ ಚಿಕಿತ್ಸಾಲಯಕ್ಕೂ ಎಟಕುವ ದಾರಿಯಿದು.

ಯಾವ ಪರೀಕ್ಷೆ

ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಇರಬೇಕು. ಎಕ್ಸ್‌ಪರ್ಟ್ ಅಲ್ಟ್ರಾ 16ರಷ್ಟಿದ್ದರೂ ಹಿಡಿಯಬಲ್ಲದು. ಎಚ್‌ಐವಿ ಸೋಂಕಿರುವವರಲ್ಲಿ ಮತ್ತು ಮಕ್ಕಳಲ್ಲಿ ಕಫದಲ್ಲಿನ ಬ್ಯಾಕ್ಟೀರಿಯಾ ವಿರಳವಾಗಿರುವುದರಿಂದ ಈ ಅಂತರ ನೇರವಾಗಿ ಜೀವಗಳ ಪ್ರಶ್ನೆಯಾಗುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಎಕ್ಸ್‌ಪರ್ಟ್‌ನಂತೆ ಡಿಎನ್‌ಎ ಹುಡುಕುವ ಅಣುಜೈವಿಕ ಪರೀಕ್ಷೆಯೇ ಆಗಿರಲಿ. ಎಕ್ಸ್‌ಪರ್ಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನ್ನಣೆ ನೀಡಿತು. ಅದು ರಿಫಾಂಪಿಸಿನ್ ನಿರೋಧಕತೆಯನ್ನೂ (ಕ್ಷಯದ ಈ ಮುಖ್ಯ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗದಿರುವುದನ್ನೂ) ಒಟ್ಟಿಗೇ ತಿಳಿಸುತ್ತದೆ, ಆದರೆ ಸ್ಥಿರವಾದ ವಿದ್ಯುತ್ ಮತ್ತು 30 ಡಿಗ್ರಿ ಮೀರದ ಕೋಣೆಯನ್ನು ಬೇಡುತ್ತದೆ. ವಿದ್ಯುತ್ ಪದೇಪದೇ ಹೋಗುವಲ್ಲಿ ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಎಂಬ ಅಣುಜೈವಿಕ ಪರೀಕ್ಷಾ ಯಂತ್ರ ಹೆಚ್ಚು ಸೂಕ್ತ. ಅದರಲ್ಲಿ ನಿರೋಧಕತೆ ತಿಳಿಯಲು ಎರಡನೆಯ ಚಿಪ್ ಬೇಕು ಮತ್ತು ಸಿಬ್ಬಂದಿಯ ಕೈಕೆಲಸ ಸ್ವಲ್ಪ ಹೆಚ್ಚು.

ಎಚ್‌ಐವಿ ಸೋಂಕಿರುವವರಿಗೆ ಮೂತ್ರದಲ್ಲಿ ಕ್ಷಯ ಬ್ಯಾಕ್ಟೀರಿಯಾದ ಅಂಶವನ್ನು ಪತ್ತೆಮಾಡುವ ಲ್ಯಾಮ್ ಪಟ್ಟಿ ಇನ್ನೊಂದು ಸಾಧನ. ಹೊರರೋಗಿಗಳಲ್ಲಿ ಕ್ಷಯದ ಲಕ್ಷಣಗಳಿರುವವರು, ತೀವ್ರವಾಗಿ ಅಸ್ವಸ್ಥರಾದವರು ಮತ್ತು ಲಕ್ಷಣಗಳಿಲ್ಲದಿದ್ದರೂ ಸಿಡಿ4 ಎಣಿಕೆ (ರಕ್ತದಲ್ಲಿನ ರೋಗನಿರೋಧಕ ಕೋಶಗಳ ಲೆಕ್ಕ) 100ಕ್ಕಿಂತ ಕಡಿಮೆ ಇರುವವರು ಇದಕ್ಕೆ ಅರ್ಹರು. 60 ಮೈಕ್ರೋಲೀಟರ್ ಮೂತ್ರವನ್ನು ಪಟ್ಟಿಗೆ ಹಾಕಿ 25 ನಿಮಿಷ ಕಾದು, 35 ನಿಮಿಷ ಮೀರುವ ಮುನ್ನ, ಜೊತೆಗೆ ಬರುವ ಹೋಲಿಕೆ ಕಾರ್ಡಿನೊಂದಿಗೆ ಹೋಲಿಸಿ ಓದಬೇಕು. ಪಾಸಿಟಿವ್ ಬಂದರೆ ಕೂಡಲೇ ಚಿಕಿತ್ಸೆ ಆರಂಭಿಸಿ, ಕಫವನ್ನೂ ಪರೀಕ್ಷೆಗೆ ಕಳುಹಿಸಿ. ನೆಗೆಟಿವ್ ಬಂದರೆ ಕ್ಷಯವಿಲ್ಲವೆಂದು ಅರ್ಥವಲ್ಲ. ಇನ್ನು ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡುವ ಪಟ್ಟಿಗಳನ್ನು ಯಾರು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಅವುಗಳನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಮೇಜಿನ ಮೇಲೆ

ಎಕ್ಸ್‌ಪರ್ಟ್‌ನಲ್ಲಿ ಕಫಕ್ಕೆ, ಕಾರ್ಟ್ರಿಜ್‌ಗಳ ಜೊತೆ ಬರುವ ದ್ರಾವಣವನ್ನು ಅದರ ಎರಡರಷ್ಟು ಬೆರೆಸಿ, ಚೆನ್ನಾಗಿ ಕುಲುಕಿ, 15 ನಿಮಿಷ ಬಿಡಬೇಕು. ನಡುವೆ ಇನ್ನೊಮ್ಮೆ ಕುಲುಕಬೇಕು. ಈ ಹದಿನೈದು ನಿಮಿಷವನ್ನು ಅವಸರದಲ್ಲಿ ಕಡಿತಗೊಳಿಸಿದರೆ ಕಫ ಪೂರ್ಣವಾಗಿ ಕರಗದೆ ಕಾರ್ಟ್ರಿಜ್‌ನೊಳಗೆ ಒತ್ತಡ ಏರುತ್ತದೆ, ಯಂತ್ರ ದೋಷಸಂಖ್ಯೆ ತೋರಿಸಿ ನಿಲ್ಲುತ್ತದೆ, ಒಂದು ಕಾರ್ಟ್ರಿಜ್ ವ್ಯರ್ಥವಾಗುತ್ತದೆ. ಮಾದರಿಯಲ್ಲಿ ಆಹಾರದ ತುಣುಕುಗಳಿದ್ದರೆ ಹೊಸದನ್ನು ಕೇಳಿ. ಕಾರ್ಟ್ರಿಜ್‌ಗಳನ್ನು 2ರಿಂದ 28 ಡಿಗ್ರಿಯೊಳಗೆ ಇಡಬೇಕು. ಮಾದರಿ ತೆರೆಯುವ ಮೇಜು ಕಿಟಕಿಯ ಬಳಿ ಇರಲಿ, ಗಾಳಿ ಸಿಬ್ಬಂದಿಯ ಬೆನ್ನ ಕಡೆಯಿಂದ ಹೊರಕ್ಕೆ ಹೋಗುವಂತಿರಲಿ.

ಸಮಯದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಅಲ್ಟ್ರಾ ಪರೀಕ್ಷೆಗೆ ಸುಮಾರು 80 ನಿಮಿಷ, ಸಿದ್ಧತೆಗೆ 20 ನಿಮಿಷ. ಆದ್ದರಿಂದ ಮುಚ್ಚುವ ಸಮಯಕ್ಕೆ ಎರಡು ಗಂಟೆ ಮೊದಲೇ ಕೊನೆಯ ಮಾದರಿಯ ಸಿದ್ಧತೆ ಆರಂಭವಾಗಬೇಕು. ನಾಲ್ಕು ಮಾಡ್ಯೂಲ್‌ಗಳ (ಒಂದೊಂದು ಕಾರ್ಟ್ರಿಜ್ ಹಿಡಿಯುವ ಖಾನೆಗಳ) ಯಂತ್ರದಿಂದ ಆರು ಗಂಟೆಗಳಲ್ಲಿ ಹೆಚ್ಚೆಂದರೆ 16 ಪರೀಕ್ಷೆಗಳಾಗುತ್ತವೆ. ಅದಕ್ಕಿಂತ ಹೆಚ್ಚು ಮಾದರಿಗಳು ಬಂದ ದಿನ, ದೂರದಿಂದ ಬಂದವರಿಗೂ ತೀವ್ರ ಅಸ್ವಸ್ಥರಿಗೂ ಮೊದಲ ಸ್ಥಾನ ಕೊಡಿ.

ಫಲಿತಾಂಶವನ್ನು ಓದುವುದು

ಪಾಸಿಟಿವ್ ಬಂದು ರಿಫಾಂಪಿಸಿನ್ ನಿರೋಧಕತೆ ಇಲ್ಲದಿದ್ದರೆ ಅಂದೇ ಚಿಕಿತ್ಸೆ ಆರಂಭಿಸಿ. ನಿರೋಧಕತೆ ಕಂಡುಬಂದರೆ, ಮತ್ತು ಹಿಂದೆ ಚಿಕಿತ್ಸೆ ಪಡೆಯದ, ನಿರೋಧಕ ಕ್ಷಯದ ಸಂಪರ್ಕವೂ ಇಲ್ಲದ ರೋಗಿಯಾಗಿದ್ದರೆ, ಹೊಸ ಮಾದರಿಯಿಂದ ಮತ್ತೊಮ್ಮೆ ಪರೀಕ್ಷಿಸಿ. ಮಾದರಿ ಅದಲುಬದಲಾಗಿರುವ ಸಾಧ್ಯತೆಯನ್ನು ತಳ್ಳಿಹಾಕಬೇಕು.

ಹೆಚ್ಚು ಗೊಂದಲ ಹುಟ್ಟಿಸುವುದು ಅಲ್ಟ್ರಾದ “ಟ್ರೇಸ್” ಫಲಿತಾಂಶ, ಅಂದರೆ ಅತ್ಯಲ್ಪ ಪ್ರಮಾಣದ ಡಿಎನ್‌ಎ. ಎಚ್‌ಐವಿ ಸೋಂಕಿರುವವರಲ್ಲಿ, ಮಕ್ಕಳಲ್ಲಿ ಮತ್ತು ಶ್ವಾಸಕೋಶದಾಚೆಯ ಮಾದರಿಗಳಲ್ಲಿ ಅದನ್ನು ಪಾಸಿಟಿವ್ ಎಂದೇ ಪರಿಗಣಿಸಬೇಕು. ಉಳಿದ ವಯಸ್ಕರಲ್ಲಿ, ವಿಶೇಷವಾಗಿ ಕಳೆದ ಐದು ವರ್ಷಗಳಲ್ಲಿ ಕ್ಷಯಕ್ಕೆ ಚಿಕಿತ್ಸೆ ಪಡೆದವರಲ್ಲಿ, ಅದು ಸತ್ತ ಬ್ಯಾಕ್ಟೀರಿಯಾದ ಉಳಿಕೆಯೂ ಆಗಿರಬಹುದು. ಅವರ ಲಕ್ಷಣ, ಎಕ್ಸ್‌ರೇ ಮತ್ತು ಸಾಧ್ಯವಿದ್ದರೆ ಕಲ್ಚರ್ (ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆ) ನೋಡಿ ವೈದ್ಯರು ನಿರ್ಧರಿಸಬೇಕು. ಇಲ್ಲಿ ರಿಫಾಂಪಿಸಿನ್ ಬಗ್ಗೆ ಯಂತ್ರ ಏನೂ ಹೇಳಲಾರದು. ಸತ್ತ ಬ್ಯಾಕ್ಟೀರಿಯಾವನ್ನೂ ಹಿಡಿಯುವ ಇದೇ ಕಾರಣಕ್ಕೆ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಈ ಪರೀಕ್ಷೆಯನ್ನು ಬಳಸಬಾರದು. ಅದಕ್ಕೆ ಸೂಕ್ಷ್ಮದರ್ಶಕ ಮತ್ತು ಕಲ್ಚರ್ ಇವೆ.

ನೆಗೆಟಿವ್ ಬಂದೂ ಶಂಕೆ ಬಲವಾಗಿದ್ದರೆ ಮತ್ತೊಂದು ಮಾದರಿ ತೆಗೆದುಕೊಳ್ಳಿ, ಎದೆಯ ಎಕ್ಸ್‌ರೇ ಮಾಡಿಸಿ. ಈ ನಡುವೆ ಲೆವೊಫ್ಲಾಕ್ಸಸಿನ್‌ನಂಥ ಫ್ಲೋರೋಕ್ವಿನೊಲೋನ್ ಔಷಧಗಳನ್ನು ಕೊಡಬೇಡಿ: ಅವು ಕ್ಷಯವನ್ನು ತಾತ್ಕಾಲಿಕವಾಗಿ ತಗ್ಗಿಸಿ ರೋಗನಿರ್ಣಯವನ್ನು ವಾರಗಟ್ಟಲೆ ಮುಂದೂಡುತ್ತವೆ. ತೀವ್ರವಾಗಿ ಅಸ್ವಸ್ಥರಾದವರಲ್ಲಿ ಒಂದು ನೆಗೆಟಿವ್ ಫಲಿತಾಂಶವು ವೈದ್ಯರ ಕೈ ಕಟ್ಟಿಹಾಕಬಾರದು.

ಫಲಿತಾಂಶ ಯಂತ್ರದಿಂದ ರೋಗಿಗೆ ತಲುಪುವ ದಾರಿಯನ್ನು ಒಬ್ಬ ನಿರ್ದಿಷ್ಟ ಸಿಬ್ಬಂದಿಯ ಹೊಣೆಯಾಗಿ ಗೊತ್ತುಪಡಿಸಿ. ಕಫ ಕೊಟ್ಟಾಗಲೇ ರೋಗಿಯ ಮತ್ತು ಮನೆಯವರೊಬ್ಬರ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳಿ. ಕಾಯಲಾಗದವರಿಗೆ ಯಾವಾಗ ಕರೆ ಮಾಡುವಿರೆಂದು ತಿಳಿಸಿ, ಮನೆಯವರಿಗೆ ಏನು ಹೇಳಬಹುದೆಂಬುದನ್ನು ರೋಗಿಯಿಂದಲೇ ಕೇಳಿಕೊಳ್ಳಿ. ವಾರಕ್ಕೊಮ್ಮೆ ರಿಜಿಸ್ಟರಿನಲ್ಲಿ ಪಾಸಿಟಿವ್ ಬಂದವರ ಹೆಸರುಗಳನ್ನು ಚಿಕಿತ್ಸೆ ಆರಂಭಿಸಿದವರ ಪಟ್ಟಿಯೊಂದಿಗೆ ತಾಳೆ ನೋಡಿ, ಬಿಟ್ಟುಹೋದ ಪ್ರತಿಯೊಬ್ಬರನ್ನೂ ಅಂದೇ ಸಂಪರ್ಕಿಸಿ. ಅದೇ ಹೊತ್ತಿಗೆ ವಿಫಲವಾದ ಪರೀಕ್ಷೆಗಳನ್ನೂ ಎಣಿಸಿ. ಅವು ಒಟ್ಟು ಪರೀಕ್ಷೆಗಳ ಶೇ 5ನ್ನು ಮೀರಿದರೆ, ಒಂದೇ ಮಾಡ್ಯೂಲ್‌ನಲ್ಲಿ ಹೆಚ್ಚಿವೆಯೇ, ಒಬ್ಬರ ಸರದಿಯಲ್ಲಿ ಹೆಚ್ಚಿವೆಯೇ, ವಿದ್ಯುತ್ ಹೋದ ದಿನಗಳಲ್ಲಿ ಹೆಚ್ಚಿವೆಯೇ ಎಂದು ಬೇರ್ಪಡಿಸಿ ನೋಡಿದರೆ, ಯಂತ್ರ ದುರಸ್ತಿಯೋ, ಮರುತರಬೇತಿಯೋ, ಬ್ಯಾಟರಿಯೋ, ಯಾವುದು ಬೇಕೆಂದು ತಿಳಿಯುತ್ತದೆ.