ತೊಟ್ಟಿ ಮನೆಯನ್ನು ಸೀರೆ ಮಳಿಗೆ ಮಾಡುವ ಮುನ್ನ ಗೋಡೆ ಮುಟ್ಟಿ ನೋಡಿ

ಕೋಲಾರಮ್ಮನ ಗುಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ನನ್ನ ಅಜ್ಜಿಯ ತೊಟ್ಟಿ ಮನೆ ಇದೆ. ಈಗ ಅದರೊಳಗೆ ಧರ್ಮಾವರ, ಮೊಳಕಾಲ್ಮೂರು ರೇಷ್ಮೆ ಸೀರೆಗಳೂ ನಾವೇ ವಿನ್ಯಾಸ ಮಾಡಿದ ರವಿಕೆಗಳೂ ಇವೆ. ಬೀದಿ ಬದಿಯ ಕೋಣೆ ಕಚೇರಿಯಾಗಿದೆ. ಹಳೆಯ ಮನೆಯನ್ನು ಕೆಡವದೆ ಮಳಿಗೆ ಮಾಡಲು ಹೊರಟವರು ನನ್ನ ಬಳಿ ಬಂದರೆ ಮೊದಲು ದೀಪ, ಗಾಜು, ಕಪಾಟುಗಳ ಬಗ್ಗೆ ಕೇಳುತ್ತಾರೆ. ನಾನು ಮಾತ್ರ ಗೋಡೆಗೆ ಅಂಗೈ ಒತ್ತಿ ನೋಡಿ ಎನ್ನುತ್ತೇನೆ.

ಮಣ್ಣು, ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವಕ್ಕೆ ಹೊರದಾರಿ ಇಲ್ಲದೆ ಅದು ಒಳಗೊಳಗೇ ಮೇಲೇರುತ್ತದೆ. ನಮ್ಮ ನಡುಮನೆಗೆ ಯಾವ ಕಾಲದಲ್ಲೋ ಸಿಮೆಂಟ್ ಬಳಿದಿದ್ದರು. ಅದು ತಿಳಿಯದೆ ಮೊದಲ ವರ್ಷ ಕಪಾಟನ್ನು ಆ ಗೋಡೆಗೇ ಒರಗಿಸಿದೆ. ಚಿತ್ತೆ ಮಳೆ ಮುಗಿದ ಮೇಲೆ ಕೆಳಗಿನ ಸಾಲಿನ ಕಡುಗೆಂಪು ಧರ್ಮಾವರ ಸೀರೆಯನ್ನು ಬಿಡಿಸಿದರೆ ಮಡಿಕೆಯುದ್ದಕ್ಕೂ ನೀರಿನ ಕಲೆ ಹರಡಿತ್ತು, ಜರಿ ಕಪ್ಪಾಗಿತ್ತು. ಮದುವೆಗೆಂದು ಮುಂಗಡ ಕೊಟ್ಟಿದ್ದ ಸೀರೆ ಅದು. ಆ ಸಂಕಟ ನನಗೆ ಇವತ್ತಿಗೂ ಆರಿಲ್ಲ.

ಸಿಮೆಂಟನ್ನು ಯಂತ್ರದಿಂದ ಒಡೆಯಬೇಡಿ. ಉಳಿಯನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಟ್ಟಿದರೆ ಅದು ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಹಿಂಬದಿಯಲ್ಲಿ ಬಿಳಿ ಉಪ್ಪು ಹಿಟ್ಟಿನಂತೆ ಕೂತಿರುತ್ತದೆ. ಒಣ ಕುಂಚದಿಂದ ಅದನ್ನು ಉದುರಿಸಿ, ನೀರು ಹಾಕಬೇಡಿ. ಒಂದು ಬೇಸಿಗೆ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಡಿ. ಬಾಡಿಗೆ ಕೈತಪ್ಪುತ್ತದೆ ಎಂದು ಇಲ್ಲಿ ಅವಸರ ಮಾಡಿದವರು ಎರಡು ಸಲ ಖರ್ಚು ಮಾಡುತ್ತಾರೆ.

ಆಮೇಲೆ ಸುಣ್ಣದ ಗಾರೆ. ಕೆಲವು ವಾರ ನೀರಿನಲ್ಲಿ ನೆನೆದು ಬೆಣ್ಣೆಯಂತಾದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರಿನಲ್ಲಿ ಕಲಸುವ ಹಿರಿಯ ಮೇಸ್ತ್ರಿಯೊಬ್ಬರು ಮುಳಬಾಗಿಲು ಕಡೆಯಿಂದ ಬಂದರು. ಕರಣೆಯ ಅಂಚಿನಿಂದ ಗಾರೆ ಜಾರುವ ಬಗೆ ನೋಡಿಯೇ ಹದ ಹೇಳುತ್ತಿದ್ದರು. ಬಳಿದ ಮೇಲೆ ಕನಿಷ್ಠ ಒಂದು ವಾರ ತೇವ ಆರದಂತೆ ಕಾಯಬೇಕು. ಮೇಲೆ ಸುಣ್ಣದ ತಿಳಿಯನ್ನೇ ಹಚ್ಚಿ, ಪ್ಲಾಸ್ಟಿಕ್ ಬಣ್ಣ ಬೇಡವೇ ಬೇಡ. ಕಪಾಟುಗಳಿಗೆ ಕಾಲು ಇರಲಿ, ಗೋಡೆಗೂ ಅವಕ್ಕೂ ನಡುವೆ ಕೈ ತೂರುವಷ್ಟು ಜಾಗ ಬಿಡಿ.

ಹತ್ತಿರದಲ್ಲಿ ರಕ್ಷಿತ ಸ್ಮಾರಕವಿದ್ದರೆ ಅದರ ಅನುಮತಿಯನ್ನು ಉಳಿ ಹಿಡಿಯುವ ಮೊದಲೇ ಪಡೆಯಿರಿ, ಉಳಿದ ಕಾಗದಪತ್ರಗಳನ್ನು ಗೋಡೆ ಒಣಗುವಾಗ ಮುಗಿಸಿಕೊಳ್ಳಿ. ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿಯೂ ಮೊದಲು ಅನುಮತಿ ಪಡೆಯಬೇಕು. ಜೊತೆಗೆ ನಗರಸಭೆಯ ವ್ಯಾಪಾರ ಪರವಾನಗಿ, ಬೆಸ್ಕಾಂನ ವಾಣಿಜ್ಯ ಸಂಪರ್ಕ, ವಹಿವಾಟು ಮಿತಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ನಾಮಫಲಕದ 60 ಪ್ರತಿಶತ ಕನ್ನಡದಲ್ಲಿರಬೇಕು. ನಮ್ಮದು ಪೂರ್ತಿ ಕನ್ನಡದಲ್ಲಿದೆ, ಹುಡುಕಿಕೊಂಡು ಬರುವವರಿಗೆ ಅದರಿಂದ ಏನೂ ತೊಂದರೆಯಾಗಿಲ್ಲ.

ಮನೆಯ ನಡುವಿನ ತೆರೆದ ತೊಟ್ಟಿಯನ್ನು ಪೂರ್ತಿ ಮುಚ್ಚುವ ಆಸೆಗೆ ಬೀಳಬೇಡಿ. ನಾವು ಗಾಜನ್ನು ಸೂರಿನಿಂದ ಒಂದಡಿ ಮೇಲೆ ಎತ್ತಿ ನಿಲ್ಲಿಸಿದೆವು. ಮಳೆ ಒಳಗೆ ಬೀಳುವುದು ನಿಂತಿತು, ಬಿಸಿ ಗಾಳಿ ಸುತ್ತಲ ಸಂದಿನಿಂದ ಹೊರಹೋಗುತ್ತದೆ. ನೇರ ಬಿಸಿಲು ಬಿದ್ದರೆ ರೇಷ್ಮೆಯ ಬಣ್ಣ ಮಾಸುತ್ತದೆ. ಆದ್ದರಿಂದ ತೊಟ್ಟಿಯ ಸುತ್ತ ಹತ್ತಿ ಸೀರೆಗಳ ಮಾದರಿಗಳಷ್ಟೇ ಇವೆ, ರೇಷ್ಮೆಯೆಲ್ಲ ಹತ್ತಿ ಬಟ್ಟೆಯ ಹೊದಿಕೆಯಲ್ಲಿ ನಡುಮನೆಯ ತಂಪಿನಲ್ಲಿದೆ. ದೀಪ ಕೊಳ್ಳುವಾಗ ಸಿಆರ್‌ಐ, ಅಂದರೆ ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬ ಅಳತೆ, 90ಕ್ಕಿಂತ ಹೆಚ್ಚಿರುವುದನ್ನೇ ಕೇಳಿ. ಇಲ್ಲದಿದ್ದರೆ ಅರಿಶಿನ ಬಣ್ಣಕ್ಕೂ ಸಾಸಿವೆ ಬಣ್ಣಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ವಿದ್ಯುತ್ ತಂತಿಗಾಗಿ ಸುಣ್ಣದ ಗೋಡೆ ಕೊರೆಯಬೇಡಿ. ತೊಲೆಗಳ ಮಗ್ಗುಲಲ್ಲೇ ಕೊಳವೆ ಹಾಯಿಸಿ. ಒಂದೂವರೆ ಅಡಿ ದಪ್ಪದ ಗೋಡೆ ವೈಫೈ ಸಂಕೇತವನ್ನೂ ತಡೆಯುತ್ತದೆ, ಹಾಗಾಗಿ ಕಚೇರಿಗೆ ಕೇಬಲ್ ಎಳೆಯುವುದೇ ಸರಿ. ಅಟ್ಟದ ಮೇಲೆ ಸರಕು ಪೇರಿಸುವುದಕ್ಕೆ ಮೊದಲು ತೊಲೆಯ ತುದಿಗಳನ್ನು, ಅವು ಗೋಡೆಯೊಳಗೆ ಸೇರುವ ಜಾಗದಲ್ಲಿ, ತಟ್ಟಿ ನೋಡಿ. ಗೆದ್ದಲು ಹಿಡಿಯುವುದು ಅಲ್ಲಿಯೇ. ಟೊಳ್ಳು ಸದ್ದು ಬಂದರೆ ಬಡಗಿಯನ್ನು ಕರೆಸಿ.

ಹೊಸ್ತಿಲನ್ನು ಮಾತ್ರ ನಾನು ಕತ್ತರಿಸಲು ಬಿಡಲಿಲ್ಲ. ಮಂಡಿನೋವಿನ ಹಿರಿಯರಿಗೆಂದು ಮರದ ಇಳಿಜಾರು ಹಲಗೆ ಮಾಡಿಸಿದ್ದೇನೆ, ಬೆಳಿಗ್ಗೆ ಹಾಕಿ ರಾತ್ರಿ ತೆಗೆಯುತ್ತೇವೆ. ಮದುಮಗಳು ಸೀರೆ ಆರಿಸಿದ ಮೇಲೆ ಅದೇ ಹೊಸ್ತಿಲು ದಾಟಿಸಿ ಜಗುಲಿಗೆ ಕರೆತರುತ್ತೇನೆ. ಸೆರಗನ್ನು ಸಂಜೆಯ ಬೆಳಕಿಗೆ ಹಿಡಿದು, ಬಣ್ಣ ಒಪ್ಪಿಗೆ ಎಂದು ಅವಳ ಬಾಯಿಂದ ಕೇಳಿದ ನಂತರವೇ ಬಿಲ್ ಬರೆಯುತ್ತೇನೆ.